ಇನ್ನೂರು ಉಲ್ಲೇಖಗಳ ಸಸಿಮಡಿ

ಹುಣಸೂರಿನ ನಮ್ಮ ಬೀದಿಯಲ್ಲಿ ಹಾಸಿಗೆ ಹೊಲಿಯುವ ರಜಾಕ್ ಅವರ ಮಗಳು ರುಬೀನಾ. ಬೀದಿಯವರಿಗೆಲ್ಲ ರುಬೀನಕ್ಕ. ಮೈಸೂರಿನ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುತ್ತಾರೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವ ಅವರ ಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಯಾವುದಾದರೊಂದು ಊರಿನ ಮಣ್ಣಿನ ಪೊಟ್ಟಣ ಇದ್ದೇ ಇರುತ್ತದೆ.

ಅಕ್ಕ ಇದುವರೆಗೆ ಹನ್ನೊಂದು ಪ್ರಬಂಧ ಪ್ರಕಟಿಸಿದ್ದಾರೆ. ಒಬ್ಬರ ಪ್ರಬಂಧವನ್ನು ಇನ್ನೊಬ್ಬ ಸಂಶೋಧಕರು ತಮ್ಮ ಬರಹದಲ್ಲಿ ಆಧಾರವಾಗಿ ಹೆಸರಿಸಿದರೆ ಅದು ಒಂದು ಉಲ್ಲೇಖ. ಬಡ್ತಿ ಕೊಡುವಾಗ ಎಷ್ಟು ಬರೆದರು ಎಂಬುದರ ಜೊತೆಗೆ, ಬರೆದದ್ದನ್ನು ಎಷ್ಟು ಜನ ಬಳಸಿದರು ಎಂದೂ ನೋಡುತ್ತಾರೆ. ಅಕ್ಕನ ಹತ್ತು ಪ್ರಬಂಧಗಳ ಉಲ್ಲೇಖ ಕೂಡಿದರೂ ಐವತ್ತು ದಾಟದು. ಉಳಿದ ಒಂದಕ್ಕೇ ಇನ್ನೂರಕ್ಕಿಂತ ಹೆಚ್ಚು.

ಆ ಒಂದು, ಹಾರನಹಳ್ಳಿ ಕಡೆಯ ರೈತ ಕಂಠಪ್ಪನವರ ಹೊಗೆಸೊಪ್ಪಿನ ಸಸಿಮಡಿಯಿಂದ ಹುಟ್ಟಿದ್ದು. ಅಲ್ಲಿನ ಮಣ್ಣಿನಲ್ಲಿ ಅಕ್ಕನಿಗೆ ಒಂದು ಬ್ಯಾಕ್ಟೀರಿಯಾ ಸಿಕ್ಕಿತ್ತು. ಎಳೆ ಸಸಿಯ ಬುಡ ಕೊಳೆಯುವ ರೋಗವನ್ನು ಅದು ತಡೆಯುತ್ತಿತ್ತು. ಅದು ಹೊಗೆಸೊಪ್ಪಿನ ಬೇರಿನಲ್ಲಿ ತಾನಾಗಿಯೇ ವಾಸಿಸುತ್ತದೆ ಎಂದು ಅಕ್ಕ ಬರೆದರು. ಜನ ಉಲ್ಲೇಖಿಸಿದ್ದು ಮುಖ್ಯವಾಗಿ ಈ ಮಾತನ್ನೇ.

ಕಳೆದ ವರ್ಷ ಬಡ್ತಿಯ ಸಂದರ್ಶನ ಹತ್ತಿರವಾಗಿತ್ತು. ರಜಾಕ್ ಬಜಾರಿಗೆಲ್ಲ ಸುದ್ದಿ ಹೇಳಿಯಾಗಿತ್ತು. ಆಗ ಚೈತ್ರ ಎಂಬ ಸಂಶೋಧನಾ ವಿದ್ಯಾರ್ಥಿನಿ ಶಿವಮೊಗ್ಗದಿಂದ ಫೋನ್ ಮಾಡಿದಳು.

“ಮೇಡಂ, ಎರಡು ವರ್ಷದಿಂದ ಹುಡುಕ್ತಿದೀನಿ. ಯಾವ ಹೊಗೆಸೊಪ್ಪಿನ ಬೇರಲ್ಲೂ ಅದು ಸಿಗ್ತಿಲ್ಲ. ನನ್ನ ಕೈಯೇ ಸರಿ ಇಲ್ಲ ಅನ್ಸುತ್ತೆ.”

“ನಿನ್ನ ಕೈ ಸರಿಯಾಗೇ ಇರುತ್ತೆ. ನಾನೇ ಹೊಸ ಮಣ್ಣು ತಂದು ಕಳಿಸ್ತೀನಿ, ತಾಳು,” ಎಂದರು ಅಕ್ಕ.

ಸಸಿಮಡಿಯ ಕಾಲ ಮುಗಿಯುತ್ತಿತ್ತು. ಹಾಗಾಗಿ ಅಕ್ಕ ಮುಂಚೆ ತಿಳಿಸದೆ ಬಸ್ಸು ಹತ್ತಿ ಹೋದರು. ಅವರನ್ನು ಕಂಡ ಕೂಡಲೇ ಕಂಠಪ್ಪನವರ ಹೆಂಡತಿ ಗುರುಶಾಂತಮ್ಮ ಗಾಬರಿಯಾದರು.

“ಅಯ್ಯೋ, ಏಳ್ದೆ ಕೇಳ್ದೆ ಇಂಗ್ ಬಂದ್ಬುಟ್ರೆ ಎಂಗವ್ವಾ? ಮಡಿಗೆ ಒಂದ್ ತೊಟ್ಟು ಸಗಣಿ ನೀರೂ ಆಕಿಲ್ವಲ್ಲಾ!”

“ಮಡಿಗಾ? ಮಡಿಗ್ಯಾಕೆ ಗುರುಶಾಂತಮ್ಮೋರೆ?”

“ಇದೇನ್ ಇಂಗ್ ಕೇಳೀರಿ!” ಎಂದು ಕಂಠಪ್ಪ ನಕ್ಕರು. “ದೊಡ್ಡೋರು ಮನೆಗ್ ಬಂದ್ರೆ ಬಾಗ್ಲಿಗ್ ಚುಮುಕ್ಸಕಿಲ್ವಾ? ನೀವ್ ಬಂದಿದ್ದು ಮನೆ ನೋಡಕ್ಕಲ್ಲ, ಮಡಿ ನೋಡಕ್ಕೆ. ಅದ್ಕೇ ಮೊದಲ್ನೇ ಸಲ ನೀವ್ ಬತ್ತೀನಿ ಅಂದಿದ್ ದಿವ್ಸ ಬೆಳಿಗ್ಗೆನೇ ಎದ್ದು ಮಡಿಗೇ ಚುಮುಕ್ಸಿದ್ದೋ ಕಣವ್ವ.”

“ರಂಗೋಲಿನೂ ಬುಡು ಅಂದ್ರು ಇವ್ರು,” ಎಂದರು ಗುರುಶಾಂತಮ್ಮ. “ಸಸಿ ಮ್ಯಾಲೆ ಎಲ್ಲಿ ಬುಡಾನ, ಸುಮ್ಕಿರಿ ಅಂದೆ.”

ಅಕ್ಕನೂ ನಕ್ಕರಂತೆ. ಆದರೆ ಅಂದು ಸಿಕ್ಕಿದ್ದು ಬೇರಿನದೋ ಸಗಣಿಯದೋ ಎಂಬ ಅನುಮಾನ ಆಗಲೇ ಹುಟ್ಟಿತಂತೆ. ಮಡಿಯ ಮಣ್ಣಿನ ಜೊತೆಗೆ ಕೊಟ್ಟಿಗೆಯ ಸಗಣಿಯನ್ನೂ ಕೇಳಿ ಕಟ್ಟಿಸಿಕೊಂಡು ಬಂದರು. ಪಕ್ಕದ ಊರುಗಳ ಮಡಿಗಳಿಂದಲೂ ಮಣ್ಣು ತಂದರು. ಯಾವ ಮಣ್ಣಿನಲ್ಲೂ ಆ ಬ್ಯಾಕ್ಟೀರಿಯಾ ಇರಲಿಲ್ಲ. ಸಗಣಿಯಲ್ಲಿ ಇತ್ತು. ತಪ್ಪಬಾರದೆಂದು ಎಲ್ಲವನ್ನೂ ಮತ್ತೊಮ್ಮೆ ಮೊದಲಿನಿಂದ ಪರೀಕ್ಷಿಸಿದರು. ಫಲ ಬದಲಾಗಲಿಲ್ಲ. ರೋಗ ತಡೆಯುತ್ತದೆ ಎಂಬುದು ನಿಜವಾಗಿಯೇ ಉಳಿಯಿತು. ಬೇರಿನಲ್ಲಿ ವಾಸಿಸುತ್ತದೆ ಎಂಬುದು ಬಿದ್ದುಹೋಯಿತು.

ವಿಭಾಗದ ಮುಖ್ಯಸ್ಥರಾದ ರೇಣುಕಾಪ್ರಸಾದ್ ಅಕ್ಕನ ಒಳ್ಳೆಯದನ್ನೇ ಬಯಸುವವರು.

“ಸಂದರ್ಶನ ಮುಗೀಲಿ ಬಿಡಮ್ಮ,” ಎಂದರು, ಅಕ್ಕ ಪ್ರಬಂಧಕ್ಕೆ ತಿದ್ದುಪಡಿ ಕಳಿಸುವ ಮಾತೆತ್ತಿದಾಗ. “ತಿದ್ದುಪಡಿ ಏನು ಓಡಿಹೋಗುತ್ತಾ? ಸುಳ್ಳು ಹೇಳು ಅಂತಿಲ್ಲ ನಾನು. ಒಂದು ತಿಂಗಳು ಸುಮ್ನಿರು ಅಂತಿದೀನಿ.”

“ಆ ಒಂದು ತಿಂಗಳೂ ಚೈತ್ರ ಬೇರು ಕೀಳ್ತಾನೇ ಇರ್ತಾಳಲ್ಲ ಸರ್.”

ರಜಾಕ್ ಹಾಸಿಗೆ ಹೊಲಿದು ಮುಗಿಸಿದ ಮೇಲೆ ಅಂಗೈಯಿಂದ ಒತ್ತಿ ನೋಡುತ್ತಾರೆ. ಒಳಗೆ ಹತ್ತಿಯ ಒಂದು ಗಂಟು ಸಿಕ್ಕಿದರೂ ಹೊಲಿಗೆ ಬಿಚ್ಚುತ್ತಾರೆ. ಆದರೂ ಮಗಳು ವಿಷಯ ಹೇಳಿದಾಗ, ಬಜಾರಿನಲ್ಲಿ ಇನ್ನು ಹೇಗೆ ಮುಖ ತೋರಿಸಲಿ ಎಂದು ಉರ್ದುವಿನಲ್ಲಿ ಬೇಸರಪಟ್ಟರು. ಬೇಡ ಎಂದು ಮಾತ್ರ ಹೇಳಲಿಲ್ಲ.

ಅಕ್ಕ ಮೊದಲು ಚೈತ್ರಳಿಗೆ ಫೋನ್ ಮಾಡಿದರು. ಆಮೇಲೆ ಪ್ರಬಂಧ ಅಚ್ಚಾಗಿದ್ದ ಪತ್ರಿಕೆಗೆ ತಿದ್ದುಪಡಿ ಕಳಿಸಿದರು. ಅದರಲ್ಲಿ ಕಂಠಪ್ಪನವರ ಮೇಲೆ ತಪ್ಪು ಹೊರಿಸಲಿಲ್ಲ. ಅತಿಥಿ ಬರುವ ಮುನ್ನ ಸಗಣಿ ನೀರು ಚಿಮುಕಿಸುವುದು ನಮ್ಮ ಕಡೆಯ ಮರ್ಯಾದೆ, ಮಡಿಗೆ ಏನಾದರೂ ಹಾಕಿದ್ದೀರಾ ಎಂದು ಕೇಳಬೇಕಾದದ್ದು ನಾನು, ಕೇಳಲಿಲ್ಲ ಎಂದು ಬರೆದರು.

ಸಂದರ್ಶನದಲ್ಲಿ ಆ ಪ್ರಬಂಧವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಅಕ್ಕನೇ ಹೇಳಿದರು. ಸಂದರ್ಶಕರು ಹಿಡಿಯಲಿಲ್ಲ. ಬಡ್ತಿ ಬೇರೆಯವರಿಗೆ ಹೋಯಿತು. ರಜಾಕ್ ಕೆಲವು ದಿನ ಚಹಾದಂಗಡಿಯ ಕಡೆ ಸುಳಿಯಲಿಲ್ಲ. ಅಕ್ಕ ಮರುದಿನವೂ ಬೆಳಗಿನ ಬಸ್ಸಿಗೇ ಹೋದರು.

ಚೈತ್ರ ಬೇರು ಕೀಳುವುದನ್ನು ಬಿಟ್ಟು ಸಗಣಿಯಲ್ಲಿ ಹುಡುಕಿದಳು. ಸಿಕ್ಕಿತು. ಈ ವರ್ಷ ಬಂದ ಅವಳ ಮೊದಲ ಪ್ರಬಂಧದಲ್ಲಿ ಅಕ್ಕನ ತಿದ್ದುಪಡಿಯ ಉಲ್ಲೇಖವಿದೆ. ತಿದ್ದುಪಡಿಗೆ ಸದ್ಯಕ್ಕೆ ಅದೊಂದೇ.

ಈ ಸಲ ಸಸಿಮಡಿಯ ಕಾಲಕ್ಕೆ ಅಕ್ಕ ಮುಂಚೆಯೇ ಫೋನ್ ಮಾಡಿ, ಏನೂ ಚಿಮುಕಿಸಬೇಡಿ ಎಂದು ಕೇಳಿಕೊಂಡು ಹೋದರು. ಮಡಿಯಲ್ಲಿ ಸಗಣಿ ನೀರಿನ ಗುರುತಿರಲಿಲ್ಲ. ಮನೆಯ ಬಾಗಿಲ ಮುಂದೆ ನೆಲ ಹಸಿರಾಗಿ ಒದ್ದೆಯಾಗಿತ್ತು.

“ಮಡಿ ಮುಟ್ಟಿಲ್ಲ ಕಣವ್ವ,” ಎಂದರು ಕಂಠಪ್ಪ. “ಬಾಗ್ಲಿಗೂ ಬ್ಯಾಡ ಅಂದ್ರೆ ಮಾತ್ರ ನಾನ್ ಕೇಳಕಿಲ್ಲ.”

ಅಕ್ಕ ಮಡಿಯ ಮಣ್ಣು ತುಂಬಿಕೊಂಡರು. ಹೊರಡುವ ಮುನ್ನ ಬಾಗಿಲ ಮುಂದೆ ಕುಳಿತು, ಅಲ್ಲಿಂದಲೂ ಒಂದು ಚಿಟಿಕೆ ತೆಗೆದು ಬೇರೆ ಪೊಟ್ಟಣ ಕಟ್ಟಿ, ಮೇಲೆ ‘ಸಗಣಿ ನೀರು ಹಾಕಿದ್ದು’ ಎಂದು ಬರೆದರು.