ಇನ್ನಾಸಪ್ಪ ಮೇಷ್ಟ್ರ ಅರ್ಧ ಜಪಸರ

ಇನ್ನಾಸಪ್ಪ ಮೇಷ್ಟ್ರು ಯಾವ ಮಾತನ್ನೂ ಪೂರ್ತಿ ಆಡಿದವರಲ್ಲ. ಅರ್ಧ ಆಡಿ, ಎಡಗಿವಿಯನ್ನು ನಮ್ಮ ಕಡೆ ತುಸು ವಾಲಿಸಿ ನಿಂತುಬಿಡುತ್ತಿದ್ದರು. ಉಳಿದರ್ಧ ನಾವು ಹೇಳಬೇಕು. ಪದ್ಮನಾಭನಗರದ ನನ್ನ ವಿಡಿಯೋ ಸ್ಟುಡಿಯೋ ಬಾಗಿಲಿಗೆ ಬಂದು, "ಮೋಡ ಕಟ್ಟಿದೆ ಮೂರ್ತಿ, ಆಚೆ ಇರೋ ಬೋರ್ಡನ್ನ..." ಎನ್ನುವರು. ನಾನು "ಒಳಗಿಡ್ಬೇಕು ಸಾರ್" ಎನ್ನುವ ತನಕ ಕದಲುತ್ತಿರಲಿಲ್ಲ. ಕಾರ್ಪೊರೇಷನ್ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ಬಾಯಿಂದ ಉತ್ತರ ಹೊರಡಿಸಿದ ಚಾಳಿ ಅದು. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳುವಾಗಲೂ ಅದೇ. ಮದುವೆ ಗೊತ್ತಾದ ಹುಡುಗ ಹುಡುಗಿಯರಿಗೆ ಚರ್ಚಿನಲ್ಲಿ ಪಾಠ ಹೇಳುವುದೂ ಅವರ ಪಾಲಿನ ಕೆಲಸವಾಗಿತ್ತು.

ನನಗೋ ಮೊದಲಿನಿಂದಲೂ ಅವಸರ. ಮದುವೆ ವಿಡಿಯೋ ತೆಗೆಯುವವನು, ಪುರೋಹಿತರಿಗೇ "ಬೇಗ ಮುಗ್ಸಿ ಸ್ವಾಮಿ, ಲೈಟು ಬಿಸಿಯಾಗತ್ತೆ" ಎನ್ನುವ ಜಾತಿ. "ನಿಮ್ಮ ಮಾತಿಗೆ ಬಾಲ ಕಟ್ಟೋಕೆ ನನ್ನನ್ನ ಸಂಬಳಕ್ಕೆ ಇಟ್ಕೊಂಡಿದೀರಾ ಸಾರ್?" ಎಂದು ರೇಗಿಸುತ್ತಿದ್ದೆ. ಅವರಿಗೆ ಕೋಪವೇ ಬರುತ್ತಿರಲಿಲ್ಲ. "ಒಬ್ಬನೇ ಮಾತಾಡಿದ್ರೆ ಅದು ಭಾಷಣ ಕಣಯ್ಯಾ. ಇಬ್ರು ಸೇರಿ ಹೇಳಿದ್ರೆ..." ಎಂದು ಮತ್ತೆ ಕಿವಿ ವಾಲಿಸುವರು. ನಾನು ಕಾಫಿ ತರಿಸಿ ಮಾತು ಮರೆಸುತ್ತಿದ್ದೆ.

ಅವರ ಮಾತಿನ ಉಳಿದರ್ಧ ಸದಾ ಸಿದ್ಧವಾಗಿರುತ್ತಿದ್ದದ್ದು ಮಗಳು ಫಿಲೋಮಿನಾಳ ಬಾಯಲ್ಲಿ. ತಾಯಿಯಿಲ್ಲದ ಒಬ್ಬಳೇ ಮಗಳು. ತೊಂಬತ್ತರ ದಶಕದ ಶುರುವಿನಲ್ಲಿ, ಹೆಗಲು ಇಳಿಸುವಷ್ಟು ಭಾರದ ಕ್ಯಾಮೆರಾ ಹೊರುತ್ತಿದ್ದ ಕಾಲ, ಅವಳು ಚರ್ಚಿನಲ್ಲಿ ಮೊದಲ ಸಲ ಪರಮಪ್ರಸಾದ ತೆಗೆದುಕೊಂಡ ದಿನ ವಿಡಿಯೋ ಮಾಡಲು ಹೋಗಿದ್ದೆ. ಬಿಳಿ ಫ್ರಾಕು, ತಲೆಯ ಮೇಲೆ ಬಿಳಿ ಹೂವಿನ ಕಿರೀಟ. ಮೇಷ್ಟ್ರು "ಮೂರ್ತಿ ಅಂಕಲ್‌ಗೆ ಕೇಕು..." ಎನ್ನುವಷ್ಟರಲ್ಲಿ ಅವಳು "ಎರಡು ಪೀಸ್ ಕೊಡ್ಬೇಕು ಅಪ್ಪಾ" ಎಂದು ಓಡಿದ್ದಳು. ಸಂಜೆ ಅವರ ಮನೆ ಮುಂದೆ ಹಾದುಹೋದರೆ ಅಪ್ಪ ಮಗಳು ಕೂತು ಪ್ರಾರ್ಥನೆ ಮಾಡುವ ಸದ್ದು ಕೇಳಿಸುತ್ತಿತ್ತು. ಏನು ಹೇಳುತ್ತಾರೆ, ಹೇಗೆ ಹೇಳುತ್ತಾರೆ ಎಂದು ನಾನು ಯಾವತ್ತೂ ಕಿವಿಗೊಡಲಿಲ್ಲ.

ಆ ಹುಡುಗಿ ದೊಡ್ಡವಳಾಗಿ ಕೆಲಸಕ್ಕೆ ಸೇರಿ, ಜೊತೆಯಲ್ಲಿ ಕೆಲಸ ಮಾಡುವ ಬೇರೆ ಧರ್ಮದ ಹುಡುಗನನ್ನು ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದಳು. ಕದ್ದುಮುಚ್ಚಿ ಅಲ್ಲ, ಅಪ್ಪನಿಗೆ ಹೇಳಿಯೇ ಆದಳು. ಮೇಷ್ಟ್ರು ಹೋಗಲಿಲ್ಲ. ಮಾರನೆಯ ದಿನ ಗಂಡ ಹೆಂಡತಿ ಮನೆಗೆ ಬಂದರೆ ಬಾಗಿಲನ್ನೂ ತೆಗೆಯಲಿಲ್ಲ. "ಊರ ಮಕ್ಕಳಿಗೆಲ್ಲ ಮದುವೆ ಪಾಠ ಹೇಳ್ದೋನು ನಾನು. ನನ್ನ ಮನೇಲೇ..." ಎಂದು ನನ್ನೆದುರು ನಿಂತರು. ಆ ಮಾತನ್ನು ಮುಗಿಸಿಕೊಡಲು ನನಗೆ ಬಾಯಿ ಬರಲಿಲ್ಲ. ಗಂಡ ಹೆಂಡತಿ ಪುಣೆಗೆ ಹೊರಟುಹೋದರು. ಆರು ವರ್ಷ ಅಪ್ಪ ಮಗಳ ನಡುವೆ ಒಂದು ಕಾಗದವಿಲ್ಲ, ಒಂದು ಫೋನಿಲ್ಲ. ಮೇಷ್ಟ್ರು ಕಣ್ಣೆದುರಿಗೇ ಸೊರಗಿ ಕಡ್ಡಿಯಾದರು. ಬಲಗಿವಿ ಪೂರ್ತಿ ಕೇಳಿಸದಾಯಿತು.

ನನ್ನ ಸ್ಟುಡಿಯೋಗೆ ಬ್ರಾಡ್‌ಬ್ಯಾಂಡ್ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಬಂದು ಕೂತರು. "ಇಂಟರ್‌ನೆಟ್ಟಲ್ಲಿ ಯಾರು ಬೇಕಾದ್ರೂ ವಿಡಿಯೋ ಹಾಕ್ಬೋದಂತಲ್ಲ ಮೂರ್ತಿ. ಕನ್ನಡದಲ್ಲಿ ಜಪಸರ ಹೇಳಿ ಹಾಕಿದ್ರೆ, ಚರ್ಚಲ್ಲಿ ಕನ್ನಡ ಪೂಜೆ ಸಿಗದ ಊರಲ್ಲಿರೋ ನಮ್ಮ ಜನ..."

"ನೋಡ್ತಾರೆ ಸಾರ್."

"ಪುಣೇಲಿರೋರೂ..."

ನಾನು ಕೆಲಸ ಬಿಟ್ಟು ತಲೆಯೆತ್ತಿದೆ. "ಒಂದು ಫೋನ್ ಮಾಡ್ಬಾರ್ದಾ ಸಾರ್ ಮಗಳಿಗೆ?"

"ಫೋನಿಗೆ ಮಾತು ಬೇಕಲ್ಲಯ್ಯಾ. ನನ್ನ ಹತ್ರ ಜಪ ಬಿಟ್ರೆ..."

"ಏನೂ ಇಲ್ಲ," ಎಂದು ನಾನೇ ಮುಗಿಸಿದೆ. ಸರಿ, ಮಾಡೋಣ ಎಂದೆ.

ಮರಿಯಮ್ಮನ ಪ್ರತಿಮೆಯ ಮುಂದೆ ಮೇಣದ ಬತ್ತಿ ಹಚ್ಚಿ, ಗಂಜಿ ಹಾಕಿದ ಅಂಗಿ ತೊಟ್ಟು ಕೂತರು. ಕೈಯಲ್ಲಿ ಮರದ ಮಣಿಗಳ ಜಪಸರ. ಒಂದೊಂದು ಮಣಿಗೂ ಒಂದು ಸಣ್ಣ ಪ್ರಾರ್ಥನೆ, ಹತ್ತು ಹತ್ತರಂತೆ ಐದು ಸುತ್ತು. ಒಂದಿಷ್ಟು ಹೇಳುವರು, ಥಟ್ಟನೆ ಬಾಯಿ ಮುಚ್ಚುವರು, ಎಡಗಿವಿ ವಾಲಿಸಿ ಕ್ಯಾಮೆರಾವನ್ನೇ ನೋಡುತ್ತ ಕೂರುವರು. ಆಮೇಲೆ ಮುಂದಿನ ಮಣಿ. ನಾನು ಹಿಂದೆ ನಿಂತು ಹಲ್ಲು ಕಡಿಯುತ್ತಿದ್ದೆ. ಪಾಪ, ವಯಸ್ಸಾಯ್ತು, ಉಸಿರು ಸಾಲುತ್ತಿಲ್ಲ, ನಡುನಡುವೆ ಮರೆತೂ ಹೋಗುತ್ತಿದೆ ಎಂದುಕೊಂಡೆ. ವರ್ಷಗಟ್ಟಲೆ ಅವರ ಮಾತು ಮುಗಿಸಿಕೊಟ್ಟ ಈ ಮುಟ್ಠಾಳನಿಗೆ ಅಷ್ಟೂ ಹೊಳೆಯಲಿಲ್ಲ.

ಮುಗಿದಾಗ ಇಪ್ಪತ್ತು ನಿಮಿಷದ ವಿಡಿಯೋ. ಆಗ ಇಂಟರ್‌ನೆಟ್ಟಿನ ವಿಡಿಯೋ ತಾಣದಲ್ಲಿ ಹತ್ತು ನಿಮಿಷಕ್ಕಿಂತ ಉದ್ದದ್ದನ್ನು ಹಾಕಲು ಬಿಡುತ್ತಿರಲಿಲ್ಲ. ಎರಡು ಭಾಗ ಮಾಡಿದರೆ ಎರಡನೆಯದನ್ನು ಯಾರು ನೋಡುತ್ತಾರೆ? ಕಂಪ್ಯೂಟರ್ ಮುಂದೆ ಕೂತು ಅವರು ಸುಮ್ಮನಿದ್ದ ಜಾಗಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ತೆಗೆದೆ. ಮದುವೆ ಮನೆಯಲ್ಲಿ ಅಕ್ಷತೆ ಹಿಡಿದು ಕಾಯುವ ಜನರನ್ನು ಕತ್ತರಿಸಿ ಪಳಗಿದ ಕೈ. ಹತ್ತು ನಿಮಿಷದೊಳಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಮೇಷ್ಟ್ರು ಒಂದೇ ಉಸಿರಿಗೆ, ತರುಣನಂತೆ ಜಪ ಹೇಳುತ್ತಿದ್ದರು. ಇಂಟರ್‌ನೆಟ್ಟಿಗೆ ಹಾಕಿ, ಭೇಷ್ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಕೆಲಸ ಮುಗಿದ ಕ್ಯಾಸೆಟ್ಟಿನ ಮೇಲೇ ಮುಂದಿನ ಸಮಾರಂಭ ತೆಗೆಯುವುದು ನಮ್ಮ ಕಸುಬಿನ ರೂಢಿ. ಆ ವಾರವೇ ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿ, ಕ್ಯಾಸೆಟ್ಟಿನ ಮೇಲೆ ಹುಳಿಮಾವಿನ ಒಂದು ಗೃಹಪ್ರವೇಶ ತೆಗೆದೆ.

"ಒಂದ್ಸಲ ನೋಡಿ ಸಾರ್," ಎಂದರೆ ಮೇಷ್ಟ್ರು ಒಪ್ಪಲಿಲ್ಲ. "ನನ್ನ ಮುಖ ನಾನೇನು..." ಎಂದು ಕೈಯಾಡಿಸಿದರು. ಮಗಳ ಹಳೆಯ ಗೆಳತಿಯೊಬ್ಬಳ ಮೂಲಕ ವಿಡಿಯೋ ಎಲ್ಲಿದೆಯೆಂದು ಪುಣೆಗೆ ತಿಳಿಸಿದರು. ಅಂದಿನಿಂದ ದಿನಾ ಸಂಜೆ ನನ್ನ ಬಾಗಿಲಲ್ಲಿ ಹಾಜರ್.

"ನೋಡಿದವರು..."

"ಒಂಬತ್ತು ಜನ ಸಾರ್."

"ಕೆಳಗೆ ಯಾರಾದ್ರೂ..."

"ಏನೂ ಬರೆದಿಲ್ಲ ಸಾರ್."

ಒಂಬತ್ತು ಹದಿನಾಲ್ಕಾಯಿತು, ಹದಿನಾಲ್ಕು ಇಪ್ಪತ್ತಾಯಿತು. ಒಂದು ಸಂಜೆ ಕೆಳಗೆ ಒಂದು ಸಾಲು ಬಂದಿತ್ತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಖುಷಿಯಿಂದ, ಹಿಂದುಮುಂದು ನೋಡದೆ ಗಟ್ಟಿಯಾಗಿ ಓದಿಬಿಟ್ಟೆ: "ಅಪ್ಪಾ, ನನಗೆ ಜಾಗಾನೇ ಬಿಟ್ಟಿಲ್ಲ. ಅರ್ಥ ಆಯ್ತು. ಫಿಲೋ."

ಮೇಷ್ಟ್ರು ಸ್ಟೂಲಿನ ಮೇಲೆ ಕೂತರು. ವಿಡಿಯೋ ಹಾಕು ಎಂದರು. ಮೂರು ಮಣಿ ನೋಡಿದರು, ಸಾಕು ಎಂದರು.

"ಜಪಸರ ಒಬ್ರೇ ಹೇಳೋದಲ್ಲ ಮೂರ್ತಿ. ಪ್ರತಿ ಮಣಿಗೂ ಮೊದಲರ್ಧ ಮುಂದೆ ಕೂತೋರು ಹೇಳ್ತಾರೆ. ಉಳಿದರ್ಧ ಜೊತೆಗಿರೋರು ಹೇಳ್ತಾರೆ. ನಮ್ಮನೇಲಿ ಆ ಅರ್ಧ ಅವಳದು. ಅವಳು ಹೇಳ್ಲಿ ಅಂತ ಸುಮ್ನೆ ಕೂತಿದ್ದೆ."

ಒಂದು ಮಾತನ್ನೂ ಅರ್ಧಕ್ಕೆ ಬಿಡಲಿಲ್ಲ. ಆರು ವರ್ಷದ ಹಿಂದೆ ಮಗಳ ಮುಖದ ಮೇಲೆ ಹಾಕಿದ್ದ ಬಾಗಿಲನ್ನು ಆ ಮುದುಕರು ಹೇಗೋ ಧೈರ್ಯ ಮಾಡಿ ತೆಗೆದಿದ್ದರು. ನಾನು ಅದನ್ನು ಮತ್ತೆ ಹಾಕಿದ್ದೆ.

"ತಪ್ಪು ನಂದು ಸಾರ್. ನಾನೇ ಫೋನ್ ಮಾಡಿ ಹೇಳ್ತೀನಿ," ಎಂದೆ.

"ಬೇಡ. ನಿಂಗೆ ಗೊತ್ತಿರ್ಲಿಲ್ಲ, ಬಿಡು. ಶನಿವಾರ ಇನ್ನೊಂದ್ಸಲ ತೆಗಿ. ಜಪದಲ್ಲೇ ಅವಳಿಗೆ ಉತ್ತರ ಹೋಗ್ಲಿ."

ಶನಿವಾರ ಬನಶಂಕರಿಯಲ್ಲಿ ಮದುವೆ ಒಪ್ಪಿಕೊಂಡಿದ್ದೆ. "ಸೋಮವಾರ ಮಾಡೋಣ ಸಾರ್, ಎರಡು ದಿನದಲ್ಲಿ ಏನಾಗತ್ತೆ," ಎಂದೆ. ಆ ಮಾತು ನೆನೆದರೆ ಇವತ್ತಿಗೂ ನನ್ನ ನಾಲಿಗೆಯ ಮೇಲೆ ನನಗೆ ಸಿಟ್ಟು ಬರುತ್ತದೆ. ಭಾನುವಾರ ಬೆಳಿಗ್ಗೆ ಚರ್ಚಿನ ಪೂಜೆಗೆ ಹೊರಡಲು ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಅವರು ಕುಸಿದು ಬಿದ್ದರು. ಪಕ್ಕದ ಮನೆಯವರು ಬರುವ ಹೊತ್ತಿಗೆ ಜೀವ ಇರಲಿಲ್ಲ.

ಫಿಲೋಮಿನಾ ಮಣ್ಣಿಗೆ ಬಂದಳು. ಎರಡು ದಿನ ಬಿಟ್ಟು ಸ್ಟುಡಿಯೋಗೂ ಬಂದಳು. ಅದೇ ಸ್ಟೂಲಿನ ಮೇಲೆ ಕೂರಿಸಿ ಎಲ್ಲ ಹೇಳಿದೆ, ಕತ್ತರಿಸಿದ್ದು, ಶನಿವಾರವನ್ನು ಸೋಮವಾರ ಮಾಡಿದ್ದು, ಏನನ್ನೂ ಮುಚ್ಚಿಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳು ಬೈಯಲಿಲ್ಲ.

"ಪೂರ್ತಿ ಇರೋ ಕ್ಯಾಸೆಟ್ಟು..." ಎಂದು ನನ್ನನ್ನೇ ನೋಡಿದಳು.

"ಇಲ್ಲಮ್ಮಾ. ಅದರ ಮೇಲೆ ಬೇರೆ ತೆಗೆದ್ಬಿಟ್ಟೆ."

ಅವಳು ಸ್ಟೂಲನ್ನು ಕಂಪ್ಯೂಟರಿನ ಹತ್ತಿರ ಎಳೆದುಕೊಂಡಳು. ವಿಡಿಯೋ ಹಾಕಿದಳು. ಅಪ್ಪ ಮೊದಲರ್ಧ ಹೇಳಿದ ಕೂಡಲೇ ಮೌಸ್ ಒತ್ತಿ ನಿಲ್ಲಿಸಿದಳು. ತನ್ನ ಅರ್ಧ ತಾನು ಹೇಳಿದಳು. ಮತ್ತೆ ಒತ್ತಿದಳು. ಅಪ್ಪ, ಆಮೇಲೆ ಮಗಳು, ಮತ್ತೆ ಅಪ್ಪ. ಮರದ ಜಪಸರ ಅಪ್ಪನ ಕೈಯಲ್ಲೇ ಮಣ್ಣಿಗೆ ಹೋಗಿತ್ತು. ಅವಳು ಬೆರಳು ಮಡಚಿ ಎಣಿಸುತ್ತಿದ್ದಳು. ನಾನು ಅಂಗಡಿ ಷಟರ್ ಅರ್ಧ ಇಳಿಸಿ ಗೋಡೆಗೊರಗಿ ನಿಂತೆ. ಅಪ್ಪ ಮಗಳ ಪ್ರಾರ್ಥನೆಗೆ ನಾನು ಮೊದಲ ಸಲ ಕಿವಿಗೊಟ್ಟದ್ದು ಅವತ್ತು.

ಹತ್ತು ಬೆರಳೂ ಮುಗಿದಾಗ ನಿಲ್ಲಿಸಿದಳು. ಪರದೆಯ ಮೇಲೆ ಮೇಷ್ಟ್ರ ಬಾಯಿ ಅರ್ಧ ತೆರೆದೇ ಇತ್ತು. ಮುಚ್ಚಿದ ಬಾಯಿ ಆ ವಿಡಿಯೋದಲ್ಲಿ ಎಲ್ಲಿಯೂ ಇರಲಿಲ್ಲ, ನಾನು ಉಳಿಸಿರಲಿಲ್ಲ. ಅದನ್ನು ಕಂಡಿದ್ದವನು ಲೋಕದಲ್ಲಿ ನಾನೊಬ್ಬನೇ.

"ಅಂಕಲ್," ಎಂದಳು. "ಇಲ್ಲಿ ಸುಮ್ನೆ ಕೂತಾಗ ಅಪ್ಪ..."

ಅಷ್ಟು ಹೇಳಿ ಅವಳೂ ಅಪ್ಪನ ಹಾಗೆಯೇ ಎಡಗಿವಿ ವಾಲಿಸಿದಳು.

"ನಿನ್ನ ದನಿಗೆ ಕಾಯ್ತಾ ಇದ್ರು ಕಣಮ್ಮಾ," ಎಂದೆ.

ಅವಳು ತಲೆಯಾಡಿಸಿ, ಕಣ್ಣೊರೆಸಿಕೊಂಡು, ಮತ್ತೆ ಮೌಸಿನ ಮೇಲೆ ಕೈಯಿಟ್ಟಳು. ಇನ್ನೂ ನಲವತ್ತು ಬಾಕಿ ಇತ್ತು.