ಸೆರಗಿನ ಗಂಟಿಗೆ ಸೇರಿದ ಚಿತ್ರ

ಮುದ್ದೇಬಿಹಾಳದ ಖಾತುನಬಿ ಕ್ಯಾಮೆರಾ ಹಿಡಿದದ್ದು ಹವ್ಯಾಸಕ್ಕಲ್ಲ. ಗಂಡ ದಾವಲಮಲಿಕ ಮದುವೆಗಳ ವಿಡಿಯೋ ತೆಗೆಯುತ್ತಿದ್ದ. ಹೆಂಗಸರ ಕೋಣೆಗೆ ಗಂಡಸು ಕಾಲಿಡುವಂತಿರಲಿಲ್ಲ. ಅದಕ್ಕೆ ಹಿತ್ತಲಲ್ಲಿ ಕಟ್ಟಿದ ಎಮ್ಮೆಯ ಮುಂದೆ ನಿಲ್ಲಿಸಿ ಹೆಂಡತಿಗೆ ಕಲಿಸಿದ. ಎಮ್ಮೆ ಅಲುಗಿದರೂ ಚಿತ್ರ ಅಲುಗಬಾರದು, ಅಷ್ಟೇ ಪಾಠ.

ಆಗಿನ ಕ್ಯಾಮೆರಾ ಒಂದು ದಿನ ಹೆಗಲ ಮೇಲೆ ಕೂತರೆ ಎರಡು ದಿನ ತೋಳು ಎತ್ತಲಾಗುತ್ತಿರಲಿಲ್ಲ. ಲೈಟಿನ ಕಾವಿಗೆ ಮದುಮಗಳ ಮೈಯ ಅರಿಷಿಣ ಒಣಗಿ ಉದುರುತ್ತಿತ್ತು. ಆದರೂ ಆ ದಿನಗಳ ಮಾತು ಬಂದರೆ ಖಾತುನಬಿಯ ಮುಖ ಸಡಿಲಾಗುತ್ತದೆ. ಲೈಟು ಹತ್ತಿದ್ದೇ ತಡ, ಅಲ್ಲಿಯತನಕ ಬೈದಾಡುತ್ತಿದ್ದ ಬೀಗಿತ್ತಿಯರು ಸೆರಗು ಸರಿಮಾಡಿಕೊಂಡು ಸಾಲಾಗಿ ಕೂರುತ್ತಿದ್ದರು. ಹೆಂಗಸರ ಕ್ಯಾಸೆಟ್ಟು ಒಂದೇ ಒಂದು. ಸಂಜೆಗೆ ಮನೆಯ ಹಿರಿಯಳ ಕೈಗೆ, ಅಲ್ಲಿಂದ ಟ್ರಂಕಿಗೆ.

ಈಗ ಕೈಯಲ್ಲಿ ಫೋನು. ಅದು ಅಲುಗದಂತೆ ಹಿಡಿಯುವ ಹಿಡಿಕೆ, ಕೊರಳ ಹತ್ತಿರ ಸಿಕ್ಕಿಸುವ ಮೈಕು. ಕತ್ತರಿಸಿ ಜೋಡಿಸುವುದನ್ನೂ ಫೋನಿನಲ್ಲೇ ಕಲಿತು, ಇಂಡಿ, ಸಿಂದಗಿಯವರೆಗೆ ಹೆಸರು ಮಾಡಿದ್ದಾಳೆ.

ಹೋದ ವರ್ಷ ದೇವಣಗಾಂವದಲ್ಲಿ ಒಂದು ಮದುವೆ. ಮದುಮಗಳು ಯಾಸ್ಮಿನಳಿಗೆ ಬೇಕಾಗಿದ್ದು ಒಂದೇ, ಅಜ್ಜಿ ಹುಸೇನಬಿ ಹಾಡುವ ಅರಿಷಿಣದ ಹಾಡು. ಆ ಮುದುಕಿಯನ್ನು ಬಿಟ್ಟರೆ ಅದು ಯಾರಿಗೂ ಬರುತ್ತಿರಲಿಲ್ಲ. ಫೋನು ಕಂಡದ್ದೇ ಮುದುಕಿ ಬಾಯಿ ಮುಚ್ಚಿದಳು.

“ಹಾಡ್ರಿ ಖಾಲಾ,” ಎಂದಳು ಖಾತುನಬಿ.

“ಯಾಕ? ಸಿಂದಗಿ ಬಸ್‌ಸ್ಟ್ಯಾಂಡಿನ್ಯಾಗ ಬೀಡಿ ಸೇದಾವ್ರೆಲ್ಲಾ ನನ್ನ ಬೊಚ್ಚಬಾಯಿ ನೋಡ್ಲಿ ಅಂತೇನು?”

“ಸಿಮ್ಮು ತಗದೇನಿ, ನೋಡ್ರಿ.”

“ಮನಿಗಿ ಹೋಗಿ ಮತ್ತ ಹಾಕ್ಕೋತಿ. ನನಗೇನೂ ತಿಳಿಯೂದಿಲ್ಲಂದ್ಕೊಂಡಿಯೇನು?”

ಮುದುಕಿಯ ಮಾತಿನಲ್ಲಿ ತಪ್ಪಿರಲಿಲ್ಲ. ಖಾತುನಬಿ ಫೋನಿನ ಪಕ್ಕದಿಂದ ಉಗುರಿನಷ್ಟಗಲದ ಮೆಮೊರಿ ಕಾರ್ಡು ಹೊರತೆಗೆದು ತೋರಿಸಿದಳು.

“ಚಿತ್ರ ಎಲ್ಲಾ ಇದರಾಗ ಕೂಡ್ತಾವ್ರಿ. ಮುಗದ ಮ್ಯಾಲ ನಿಮ್ಮ ಕೈಯಾಗ ಕೊಡ್ತೇನಿ. ನನ್ನ ಹತ್ರ ಒಂದೂ ಇರೂದಿಲ್ಲ.”

“ಕ್ಯಾಸೆಟ್ಟಿನಂಗ?”

“ಹೌದ್ರಿ, ಹಂಗ.”

ಹುಸೇನಬಿ ಎಲೆಯಡಿಕೆ ಉಗುಳಿ ಬಂದು ಹಾಡಿದಳು. ನಡುವೆ ಮರೆತಳು, ಬೀಗರನ್ನು ಬೈದಳು, ಮೊಮ್ಮಗಳ ಗಲ್ಲಕ್ಕೆ ಅರಿಷಿಣ ಹಚ್ಚುತ್ತ ಸತ್ತ ತಂಗಿಯ ಹೆಸರು ಹಿಡಿದು ಅತ್ತಳು. ಮೂವತ್ತು ವರ್ಷದಲ್ಲಿ ಅಂಥ ಚಿತ್ರ ಖಾತುನಬಿಗೆ ಸಿಕ್ಕಿರಲಿಲ್ಲ. ಚೊಕ್ಕವಾಗಿ ಜೋಡಿಸಿ ತೋರಿಸಿದ್ದರೆ ಇಡೀ ಜಿಲ್ಲೆ ಆಕೆಯನ್ನು ಕರೆಯುತ್ತಿತ್ತು. ಹಾಡಿನ ಒಂದು ತುಂಡನ್ನು ಫೋನಿನಲ್ಲಿ ಉಳಿಸಿಕೊಳ್ಳಲು ಎರಡು ನಿಮಿಷ ಸಾಕು; ಮುದುಕಿ ಕೈ ತೊಳೆಯಲು ಎದ್ದು ಹೋಗಿದ್ದಳು. ಖಾತುನಬಿಯ ಹೆಬ್ಬೆರಳು ಪರದೆಯ ಮೇಲೆ ಹಾಗೇ ನಿಂತಿತು.

ಮುದುಕಿ ಮರಳಿ ಬಂದಾಗ, ಏನೂ ಉಳಿಸಿಕೊಳ್ಳದೆ ಕಾರ್ಡು ತೆಗೆದು ಕೊಟ್ಟಳು. ಹುಸೇನಬಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಹೊರಗೆ ದಾವಲಮಲಿಕ ಬೈಕಿನ ಮೇಲೆ ಕಾಯುತ್ತಿದ್ದ. “ಹೆಂಗ ಬಂದಾವು?”

“ಇಲ್ಲೀತನ ತಗದದ್ರಾಗ ಇಂಥಾವು ಬಂದಿಲ್ಲ.”

“ತೋರಸು ಹಂಗಾರ.”

“ಒಳಗ ಹೋಗಿ ಮುದುಕಿ ಸೆರಗಿನ ಗಂಟ ಬಿಚ್ಚಿ ನೋಡ್ರಿ.”

ಆತ ಬೈಕಿಗೆ ಕಿಕ್ಕು ಹೊಡೆದ. ತಾಳಿಕೋಟಿ ದಾಟುವವರೆಗೂ ಖಾತುನಬಿ ಆ ಹಾಡನ್ನು ನೆನಪಿಸಿಕೊಳ್ಳುತ್ತ ಕೂತಿದ್ದಳು. ಎರಡು ಸಾಲು ಬಂದವು, ಮೂರನೆಯದು ಬರಲಿಲ್ಲ.