ನೆಲದ ಸದ್ದು ಕೇಳಲು ಬಂದವರು

ಊರಿಗೆ ಮೊಬೈಲು ಬಂದಿದ್ದರೂ ಮಾತಾಡಬೇಕೆಂದರೆ ಊರಬಾಗಿಲ ಅಗಸಿಯ ಕಟ್ಟೆ ಹತ್ತಿ ನಿಲ್ಲಬೇಕಾಗಿದ್ದ ಕಾಲ ಅದು. ಸಿಂದಗಿ ತಾಲ್ಲೂಕಿನ ನಮ್ಮೂರಿಗೆ ದಿನಕ್ಕೆ ಒಂದೆರಡು ಬಸ್ಸು. ಹೊಸ ಮುಖವೊಂದು ಇಳಿದರೆ ಯಾರ ಮನೆಯ ಬೀಗರೆಂದು ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತಿತ್ತು. ಅಂಥಲ್ಲಿ ಸಂಕ್ರಾಂತಿ ಮುಗಿಯುತ್ತಲೇ ಯಾರ ಬೀಗರೂ ಅಲ್ಲದ ಮಂದಿ ಜೀಪು, ಲಾರಿ ತುಂಬಿಕೊಂಡು ಬಂದರು. ನಾನಾಗ ಐದನೆಯ ತರಗತಿ. ತಮ್ಮ ಮಲ್ಲು ಬರುವ ಜೂನಿಗೆ ಶಾಲೆಗೆ ಹೋಗಬೇಕಾದವನು. ಇನ್ನೂ ಮಾತು ಬಂದಿರಲಿಲ್ಲ.

ಬಂದವರು ನೆಲದಡಿ ಎಣ್ಣೆ ಇದೆಯೇ ಎಂದು ಹುಡುಕುವವರು. ಇಂಡಿ ತಾಲ್ಲೂಕಿನ ಕಡೆಯಿಂದ ಹೊಲಗಳ ಮೇಲೆ ನೆಟ್ಟಗೆ ಗೆರೆ ಎಳೆಯುತ್ತ ಬಂದಿದ್ದರು. ಗೆರೆಯೆಂದರೆ ಬಣ್ಣದ ಬಟ್ಟೆ ಕಟ್ಟಿದ ಬಿದಿರು ಗೂಟಗಳು. ಹಳ್ಳ ಬರಲಿ, ಬದು ಬರಲಿ, ಬಾಗುತ್ತಿರಲಿಲ್ಲ. ನಮ್ಮ ಕಡಲೆ ಹೊಲದ ನಡುವೆಯೇ ಹಾದುಹೋದಾಗ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನ್ರಿ ಸಾಹೇಬ್ರ, ನಿಮ್ಮ ಎಣ್ಣಿ ಸಿಕ್ಕ ಮ್ಯಾಲ ನಮ್ಮ ಬಾವ್ಯಾಗ ನೀರು ಬರತೈತೋ, ಅದೂ ಎಣ್ಣೀನೋ?"

ಗೆರೆ ಹಾಕಿಸುತ್ತಿದ್ದವರು ನಕ್ಕರು. ರಾಯಚೂರು ಕಡೆಯ ಇಮಾಮ್ ಸಾಹೇಬರು ಅವರು. ತಲೆಗೆ ಟವೆಲು, ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಗೆ ಉಪಗ್ರಹದ ಜೊತೆ ಮಾತಾಡುವ ಡಬ್ಬಿ. "ಬಾವಿ ನಿಮ್ಮದಽ ರೀ ಆಯಿ. ಅದರ ಗೊಡವಿಗೆ ನಾವು ಬರಂಗಿಲ್ಲ" ಎಂದು, ಬಾವಿಯ ಹತ್ತಿರ ಕೊರೆಯಬೇಕಿದ್ದ ತೂತಿನ ಗುರುತನ್ನು ದೂರ ಸರಿಸಿ ಬರೆದುಕೊಂಡರು. ಆಮೇಲೆ ಆಯಿಯೇ ಅವರಿಗೆ ಸೀತನಿ ಕೊಟ್ಟಳು. ಎಳೆ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಬಡಿದು ಉದುರಿಸಿದ ಹಸಿರು ಕಾಳು, ಮೇಲೆ ಶೇಂಗಾ ಹಿಂಡಿ, ಅಂದರೆ ಚಟ್ನಿ ಪುಡಿ. ಸಾಹೇಬರು ಬದುವಿನ ಮೇಲೆ ಕೂತು ತಿಂದರು. ತಿನ್ನುತ್ತಲೇ ಮೊಣಕಾಲ ಮೇಲೆ ನಕಾಶೆ ಬಿಚ್ಚಿ ತೋರಿಸಿದರು. ಅದರಲ್ಲಿ ನಮ್ಮೂರು ಸಾಸಿವೆ ಕಾಳಿನಷ್ಟಿತ್ತು. ಗೆರೆ ಅದರ ಪಕ್ಕದಿಂದ ಬಸವನ ಬಾಗೇವಾಡಿಯ ಕಡೆಗೆ, ಅಲ್ಲಿಂದ ಮುದ್ದೇಬಿಹಾಳದ ಕಡೆಗೆ ಹೋಗುತ್ತಿತ್ತು.

"ಕೆಳಗ ಏನೈತಿ ಅಂತ ಮ್ಯಾಲ ನಿಂತು ಹ್ಯಾಂಗ ತಿಳೀತೈತ್ರಿ?" ಎಂದು ನಾನು ಕೇಳಿದೆ.

"ಬಾವ್ಯಾಗ ಬಗ್ಗಿ ಕೂಗಿದ್ರ ತಿರುಗಿ ಕೇಳಸ್ತೈತಿಲ್ಲವಾ, ಹಂಗಽ. ನಾವು ನೆಲದಾಗ ಒಂದು ಸದ್ದು ಮಾಡ್ತೇವಿ. ಅದು ಕೆಳಗಿನ ಕಲ್ಲುಬಂಡಿಗೆ ಬಡದು ಹೊಳ್ಳಿ ಬರತೈತಿ. ಎಷ್ಟೊತ್ತಿಗೆ ಬಂತು ನೋಡಿ, ಒಳಗಿನ ನಕಾಶಿ ತಗೀತೇವಿ."

ಗೆರೆಯುದ್ದಕ್ಕೂ ವೈರು ಹಾಸಿದರು. ವೈರಿಗೆ ಅಲ್ಲಲ್ಲಿ ಕಿತ್ತಳೆ ಬಣ್ಣದ ಪುಟ್ಟ ಡಬ್ಬಿಗಳು, ಅವುಗಳ ಕೆಳಗೆ ನೆಲಕ್ಕೆ ಚುಚ್ಚುವ ಮೊಳೆ. ನೆಲದ ನಡುಕವನ್ನು ಹಿಡಿಯುವುದು ಅವೇ. ಇನ್ನೊಂದು ಕಡೆ ಯಂತ್ರ ತೂತು ಕೊರೆಯುತ್ತಿತ್ತು. ಮೊದಲು ಕರಿ ಮಣ್ಣು, ಆಮೇಲೆ ಗರಸು, ಕೊನೆಗೆ ಬೂದಿಯಂಥ ಕಲ್ಲಿನ ಹಿಟ್ಟು ಮೇಲೆ ಬಂದವು. ಮಳೆ ಕಾಣದ ತಿಂಗಳಲ್ಲಿ ಹೊಲದ ತುಂಬ ಹಸಿ ಮಣ್ಣಿನ ವಾಸನೆ.

ನಮಗೂ ಹೊಸ ಆಟ ಸಿಕ್ಕಿತು. ಜೋಳದ ಕಣಿಕೆಯ ದಂಟು ನೆಟ್ಟು ನಮ್ಮದೇ ಗೆರೆ ಹಾಕುತ್ತಿದ್ದೆವು. ಒಬ್ಬರು ಆ ತುದಿಯಲ್ಲಿ ಧೊಪ್ಪನೆ ಜಿಗಿಯಬೇಕು, ಉಳಿದವರು ಈ ತುದಿಯಲ್ಲಿ ಕಣ್ಣು ಮುಚ್ಚಿ ನೆಲಕ್ಕೆ ಅಂಗೈ ಒತ್ತಿ ಕೂತು ಗುರುತು ಹಿಡಿಯಬೇಕು. ನಾವು ಸುಳ್ಳುಸುಳ್ಳೇ ಕೂಗುತ್ತಿದ್ದೆವು. ಮಲ್ಲು ಮಾತ್ರ ತಪ್ಪುತ್ತಿರಲಿಲ್ಲ. ಅಂಗೈ ಎತ್ತಿ ನಗುತ್ತಿದ್ದ. "ನಮ್ಮ ಮಲ್ಲು ಭಾಳ ಶ್ಯಾಣ್ಯಾ" ಎಂದು ನಾನು ಬೀಗುತ್ತಿದ್ದೆ.

ತೂತಿಗೆ ಮದ್ದು ತುಂಬಿ ಸದ್ದು ಮಾಡುವ ದಿನ ಊರಿಗೆ ಊರೇ ಬಂದಿತ್ತು. ಕೆಂಪು ಬಾವುಟದವರು ನಮ್ಮನ್ನೆಲ್ಲ ಬೇವಿನ ಮರದವರೆಗೆ ಹಿಂದಕ್ಕೆ ಅಟ್ಟಿದರು. ಸೀಟಿ ಊದಿದರು. ಒಮ್ಮೆಲೇ ಧಡ್ ಎಂದಿತು. ತೂತಿನಿಂದ ಕೆಸರು ಚಿಮ್ಮಿತು. ಕಾಲಡಿಯಲ್ಲಿ ಯಾರೋ ಕಂಬಳಿ ಝಾಡಿಸಿದ ಹಾಗಾಯಿತು. ನಾವು ಕಿವಿ ಮುಚ್ಚಿಕೊಂಡು ಚೀರಿದೆವು. ಬರಿಗಾಲಲ್ಲಿ ನಿಂತಿದ್ದ ಮಲ್ಲು ಮಾತ್ರ ತನ್ನ ಪಾದ ನೋಡಿಕೊಂಡು ಕೇಕೆ ಹಾಕಿ ನಕ್ಕ. ಕೂತು ನೆಲ ತಟ್ಟಿದ, ಇನ್ನೊಮ್ಮೆ ಮಾಡು ಎನ್ನುವ ಹಾಗೆ.

"ಹೆದರಲಿಲ್ಲ ನೋಡ್ರಿ ನಮ್ಮ ಹುಲಿ!" ಎಂದು ಅಪ್ಪ ಅವನನ್ನೆತ್ತಿ ಹೊಟ್ಟು ತುಂಬಿದ್ದ ಬಂಡಿಯ ಮೇಲೆ ಕೂರಿಸಿದ.

ಎರಡನೆಯ ಸದ್ದು ಇನ್ನೂ ಹತ್ತಿರದಲ್ಲಾಯಿತು. ಮರದ ಕಾಗೆಗಳೆಲ್ಲ ಎದ್ದವು. ಎತ್ತು ಹಗ್ಗ ಜಗ್ಗಿದವು. ಅವ್ವನ ಕೈಯ ಬುಟ್ಟಿ ಜಾರಿತು. ಬಂಡಿಯಲ್ಲಿ, ಮೆತ್ತನೆಯ ಹೊಟ್ಟಿನ ಮೇಲೆ, ನಮಗೆ ಬೆನ್ನು ಮಾಡಿ ಕೂತಿದ್ದ ಮಲ್ಲು ಸೀತನಿ ಆರಿಸಿ ತಿನ್ನುತ್ತಲೇ ಇದ್ದ. ತಿರುಗಲೂ ಇಲ್ಲ.

ಅದನ್ನು ಇಮಾಮ್ ಸಾಹೇಬರು ನೋಡಿದ್ದರು. ಸ್ವಲ್ಪ ಹೊತ್ತಿಗೆ ಬಂಡಿಯ ಹಿಂದೆ ಬಂದು ಎರಡು ಸಲ ಚಪ್ಪಾಳೆ ತಟ್ಟಿದರು. ಆಮೇಲೆ ಅವ್ವನ ಹತ್ತಿರ ಬಂದು ದನಿ ತಗ್ಗಿಸಿದರು.

"ಯವ್ವಾ, ತಪ್ಪ ತಿಳ್ಕೋಬ್ಯಾಡ್ರಿ. ಎಷ್ಟೋ ಊರಾಗ ಈ ಸದ್ದು ಮಾಡಿಸೇನಿ. ಕೂಸುಗಳು ಬೆಚ್ಚತಾವು, ಅಳತಾವು, ನಗತಾವು. ಹೊಳ್ಳಿ ನೋಡದ ಕೂಸು ನಾ ಕಂಡಿಲ್ರಿ. ಇವಗ ಕಿವಿ ಕೇಳಸ್ತಾವೇನ್ರಿ?"

ಅವ್ವನ ಮುಖ ಕೆಂಪಾಯಿತು. "ನಮ್ಮ ಕಡ್ಲಿ ತುಳದಿದ್ದು ಸಾಲ್ದೇನ್ರಿ? ಈಗ ನನ್ನ ಮಗನ ಮ್ಯಾಲ ಬಂದ್ರ್ಯಾ? ಅವಗ ಎಲ್ಲಾ ಕೇಳಸ್ತೈತಿ. ಅವರಪ್ಪನೂ ತಡಾ ಮಾಡೇ ಮಾತಾಡ್ಯಾನ."

ಸಾಹೇಬರು ಟವೆಲು ತೆಗೆದು ಮುಖ ಒರೆಸಿಕೊಂಡು ಹೊರಟುಹೋದರು.

ಆ ಸಂಜೆ ದೀಪ ಹಚ್ಚಿದ ಮೇಲೆ ಮಲ್ಲು ಪಡಸಾಲೆಯ ಹಗ್ಗದ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಆಡುತ್ತಿದ್ದ. ಅವ್ವ ಅಡುಗೆಮನೆಯಿಂದ ತಾಟು, ಸೌಟು ಹಿಡಿದು ಬಂದಳು. ಅವನ ಹಿಂದೆ ನಿಂತು ಬಡಿದಳು. ನಾನು ಬೆಚ್ಚಿದೆ. ಅವನು ಬೆಚ್ಚಲಿಲ್ಲ. "ಮಲ್ಲೂ" ಎಂದಳು, ಮೆಲ್ಲಗೆ. ಮತ್ತೆ ಕೂಗಿದಳು. ಆಮೇಲೆ ಹೊಲದಾಚೆ ಇದ್ದವರನ್ನು ಕರೆಯುವ ದನಿಯಲ್ಲಿ ಕೂಗತೊಡಗಿದಳು. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಆಯಿ ಎದ್ದು ಅವ್ವನ ಕೈಯಿಂದ ತಾಟು ಕಸಿದುಕೊಂಡು, "ಸಾಕು ಬಿಡವ್ವಾ, ಸಾಕು" ಎಂದು ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಆಗ ಮಲ್ಲು ಏನೋ ತೆಗೆದುಕೊಳ್ಳಲು ತಿರುಗಿದ. ಅವ್ವ ಅಳುವುದನ್ನು ಕಂಡು ಇಳಿದು ಬಂದು ಅವಳ ಸೀರೆ ಹಿಡಿದುಕೊಂಡ.

ನಾನು ಗೋಡೆಗೆ ಒರಗಿ ನಿಂತಿದ್ದೆ. ಅವನನ್ನು ಎಂದೂ ನಾನು ಬರೀ ಬಾಯಿಂದ ಕರೆದವಳೇ ಅಲ್ಲ ಎಂಬುದು ಹೊಳೆದದ್ದು ಆಗಲೇ. ಹೆಗಲು ಮುಟ್ಟುತ್ತಿದ್ದೆ, ಇಲ್ಲವೇ ಎದುರಿಗೆ ಹೋಗಿ ನಿಲ್ಲುತ್ತಿದ್ದೆ. ಯಾಕೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಮನೆಯವರೆಲ್ಲ ಹಾಗೆಯೇ ಮಾಡುತ್ತಿದ್ದೆವು.

ಬೆಳಗ್ಗೆ ಅಪ್ಪ ಸಾಹೇಬರನ್ನು ಹುಡುಕಿಕೊಂಡು ಮುಂದಿನ ಊರಿನ ಹೊಲಕ್ಕೆ ಹೋದ. ಎಲ್ಲಿಗೆ ಒಯ್ಯಬೇಕೆಂದು ಅವರೇ ಹೇಳಿದರು; ಸಿಂದಗಿಯ ಬಸ್ ಸ್ಟ್ಯಾಂಡಿನವರೆಗೆ ನಮ್ಮನ್ನು ಜೀಪಿನಲ್ಲಿ ಬಿಟ್ಟರು. ದಾರಿಯುದ್ದಕ್ಕೂ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಇಳಿಯುವಾಗ, "ನಿನ್ನಿ ಏನೇನೋ ಅಂದೆನ್ರಿ" ಎಂದಳು. "ತಾಯಿ ಅಂದದ್ದು ನಾ ಯಾಕ ಮನಸಿಗೆ ಹಚ್ಚಿಕೊಳ್ಳಲಿ ಬಿಡ್ರಿ. ಹುಡುಗನ್ನ ಜ್ವಾಕಿ ಮಾಡ್ರಿ" ಎಂದು ಅವರು ಜೀಪು ತಿರುಗಿಸಿದರು. ಮತ್ತೆ ನಾವು ಅವರನ್ನು ಕಾಣಲಿಲ್ಲ.

ಬಿಜಾಪುರದ ದವಾಖಾನೆಯಲ್ಲಿ ಹುಟ್ಟು ಕಿವುಡು ಎಂದರು. ಕಿವಿಗೆ ಹಾಕುವ ಯಂತ್ರ ಕೊಟ್ಟರು. ಅದನ್ನು ಹಾಕಿಕೊಂಡರೆ ಗುಡುಗು, ಹಾರ್ನು ಅವನಿಗೆ ತಿಳಿಯುತ್ತಿದ್ದವು, ಮಾತು ತಿಳಿಯುತ್ತಿರಲಿಲ್ಲ. ಅಲ್ಲಿಯೇ ಕಿವುಡ ಮಕ್ಕಳ ಶಾಲೆ ಇದೆ, ಜೂನಿನಲ್ಲಿ ಕರೆದುಕೊಂಡು ಬನ್ನಿ ಎಂದರು. ನಾವು ಊರಿಗೆ ಮರಳುವಷ್ಟರಲ್ಲಿ ಗೂಟ ಕಿತ್ತಿದ್ದರು, ತೂತು ಮುಚ್ಚಿದ್ದರು. ಎಣ್ಣೆ ಸಿಕ್ಕಿತೋ ಇಲ್ಲವೋ, ನಮಗೆ ಯಾರೂ ಬಂದು ಹೇಳಲಿಲ್ಲ.

ಆ ಬೇಸಿಗೆಯಲ್ಲಿ ನಾನು ಮಲ್ಲು ಸೇರಿ ಒಂದು ಮಾತು ಕಟ್ಟಿದೆವು. ಬಿಸಿಲು ಇಳಿಯುವವರೆಗೆ ದನದ ಕೊಟ್ಟಿಗೆಯ ತಂಪಿನಲ್ಲಿ ಕೂತು ಒಂದೊಂದಕ್ಕೂ ಕೈಯ ಹೆಸರಿಡುತ್ತಿದ್ದೆವು. ಎಮ್ಮೆಗೊಂದು, ಮಾವಿನಕಾಯಿಗೊಂದು, ಸಿಟ್ಟಿಗೊಂದು. ಅವನು ಮೊದಲ ಬಾರಿಗೆ ನನಗೆ ಕನಸು ಹೇಳಿದ್ದು ಆ ಭಾಷೆಯಲ್ಲಿ. ಆಯಿ ಬಂದು, "ನನಗೂ ಕಲಸ್ರೇ" ಎಂದು ನಮ್ಮ ನಡುವೆ ಕೂರುತ್ತಿದ್ದಳು.

ಜೂನಿನಲ್ಲಿ ಅವನು ಹೋದ. ದೀಪಾವಳಿಗೆ ಬಂದಾಗ ಅವನ ಕೈಗಳು ಬೇರೆ ಮಾತಾಡುತ್ತಿದ್ದವು, ಚುರುಕಾಗಿ, ಚೆಂದಾಗಿ. ಪ್ರತಿ ರಜೆಯಲ್ಲಿ ನಮ್ಮದು ಸ್ವಲ್ಪ ಸ್ವಲ್ಪ ಕಡಿಮೆಯಾಯಿತು.

ಈಗ ನಾನು ಮುದ್ದೇಬಿಹಾಳದಲ್ಲಿ ಶಿಕ್ಷಕಿ. ಮಲ್ಲು ನನ್ನ ಜೊತೆಗೇ ಇದ್ದಾನೆ, ಫ್ಲೆಕ್ಸ್ ಮುದ್ರಿಸುವ ಅಂಗಡಿಯಲ್ಲಿ ಅಕ್ಷರ ಜೋಡಿಸುತ್ತಾನೆ. ಸಂಜೆ ಫೋನಿನ ವಿಡಿಯೋದಲ್ಲಿ ಗೆಳೆಯರ ಜೊತೆ ಎರಡೂ ಕೈಯಲ್ಲಿ ಹರಟುತ್ತಾನೆ, ಹೊಟ್ಟೆ ಹಿಡಿದು ನಗುತ್ತಾನೆ. ನನಗೆ ಅರ್ಧ ತಿಳಿಯುವುದಿಲ್ಲ. ಅವನಿಗೊಂದು ಲೋಕ ಸಿಕ್ಕಿತಲ್ಲ ಎಂಬ ಸಮಾಧಾನ ದೊಡ್ಡದು.

ಮೊನ್ನೆ ಆಯಿಯ ವರ್ಷದ ಪೂಜೆ. ಫೋಟೋ ಒರೆಸುತ್ತ ನಾನು ನನ್ನ ಗದ್ದಕ್ಕೆ ಹೆಬ್ಬೆರಳು ಒತ್ತಿದೆ. ಅವಳ ಗದ್ದದ ಹಚ್ಚೆಯ ಚುಕ್ಕೆ ಅದು, ಕೊಟ್ಟಿಗೆಯಲ್ಲಿ ನಾವಿಟ್ಟ ಅವಳ ಹೆಸರು. ಮಲ್ಲು ಹುಬ್ಬೇರಿಸಿ, ಏನದು ಎಂದು ಕೈಯಲ್ಲೇ ಕೇಳಿದ. ನಾನು ಫೋಟೋ ತೋರಿಸಿದೆ. ಅವನು ನಕ್ಕು, ಅಜ್ಜಿ ಎನ್ನಲು ಹೀಗೆ ಮಾಡಬೇಕು ಎಂದು ತನ್ನ ಭಾಷೆಯಲ್ಲಿ ತೋರಿಸಿದ. ನನ್ನ ಬೆರಳು ಹಿಡಿದು ತಿದ್ದಿದ. ನಾನು ಕಲಿತೆ.

ಕೊಟ್ಟಿಗೆಯ ಆ ಮಾತನ್ನು ಬಲ್ಲವರು ಮೂವರಿದ್ದೆವು. ಈಗ ಉಳಿದವಳು ನಾನೊಬ್ಬಳೇ.